ಲಿನರೈಟ್ ಹೌದೋ ಅಲ್ಲವೋ: ಅಪರೂಪದ ನೀಲಿ ಖನಿಜವನ್ನು ಹಂತ ಹಂತವಾಗಿ ಗುರುತಿಸುವ ಕ್ರಮ

ಖನಿಜ ಸಂಗ್ರಹಿಸುವವರು ಲಿನರೈಟಿನ ವಿಷಯದಲ್ಲಿ ಮತ್ತೆ ಮತ್ತೆ ಎಡವುವುದು ಒಂದೇ ಕಡೆ. ಅಚ್ಚ ನೀಲಿ ಬಣ್ಣ ಕಣ್ಣಿಗೆ ಬಿದ್ದೊಡನೆ ತೀರ್ಮಾನಕ್ಕೆ ಬಂದು, ಆಮೇಲೆ ಮಾಡುವ ಪರೀಕ್ಷೆಗಳನ್ನೆಲ್ಲ ಆ ತೀರ್ಮಾನಕ್ಕೆ ಹೊಂದಿಸಿಕೊಳ್ಳುತ್ತಾರೆ. ಹೀಗಾಗಿ ಲಿನರೈಟ್ ಎಂಬ ಚೀಟಿ ಹೊತ್ತ ಅಜುರೈಟೂ (ಅದೂ ಒಂದು ನೀಲಿ ಖನಿಜವೇ), ಅಜುರೈಟ್ ಎಂಬ ಚೀಟಿ ಹೊತ್ತ ಲಿನರೈಟೂ ಒಂದು ಸಂಗ್ರಹದಿಂದ ಇನ್ನೊಂದಕ್ಕೆ ಹಾಗೆಯೇ ಸಾಗುತ್ತಿರುತ್ತವೆ. ಈ ಮಾರ್ಗದರ್ಶಿಯಲ್ಲಿ ಬಣ್ಣಕ್ಕೆ ಕೊನೆಯ ಸ್ಥಾನ. ಮಾದರಿಯಲ್ಲಿ ಸೀಸ ಇದೆಯೇ ಎಂಬ ಪ್ರಶ್ನೆಗೆ ಮೊದಲ ಸ್ಥಾನ.

## ಆರಂಭಿಸುವ ಮುನ್ನ ತಿಳಿದಿರಬೇಕಾದದ್ದು

ಲಿನರೈಟ್ ಎಂದರೆ ಸೀಸ ಮತ್ತು ತಾಮ್ರ ಎರಡೂ ಇರುವ ಹೈಡ್ರಾಕ್ಸಿ ಸಲ್ಫೇಟ್. ಅದರ ತೂಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಸೀಸವೇ ಆಗಿದ್ದು, ತಾಮ್ರದ ಪಾಲು ಶೇಕಡ 16ರ ಆಸುಪಾಸಿನಲ್ಲಿದೆ. ಅಜುರೈಟ್ ತಾಮ್ರದ ಹೈಡ್ರಾಕ್ಸಿ ಕಾರ್ಬನೇಟ್. ಅದರಲ್ಲಿ ಸೀಸವೂ ಇಲ್ಲ, ಸಲ್ಫೇಟೂ ಇಲ್ಲ. ಮುಂದೆ ಬರುವ ಮುಖ್ಯ ಪರೀಕ್ಷೆಗಳು ಈ ವ್ಯತ್ಯಾಸಗಳ ಮೇಲೆ ನಿಂತಿವೆ. ಸೀಸ ಇರುವುದರಿಂದ ಲಿನರೈಟ್ ಭಾರವಾಗಿರುತ್ತದೆ, ಕಾರ್ಬನೇಟ್ ಇಲ್ಲದಿರುವುದರಿಂದ ಆಮ್ಲದಲ್ಲಿ ನೊರೆಯುಕ್ಕಿಸುವುದಿಲ್ಲ.

ಸೀಸದ ಅದಿರಾದ ಗ್ಯಾಲಿನಾ ಮತ್ತು ಚಾಲ್ಕೊಪೈರೈಟಿನಂಥ ತಾಮ್ರದ ಅದಿರು ಬಂಡೆಯ ಒಂದೇ ನಾಳದಲ್ಲಿದ್ದು, ನೆಲದ ಮೇಲ್ಭಾಗದಲ್ಲಿ ಗಾಳಿ ಮತ್ತು ನೀರಿನ ಸಂಪರ್ಕಕ್ಕೆ ಬಂದು ಉತ್ಕರ್ಷಣಗೊಂಡಾಗ ಲಿನರೈಟ್ ಹುಟ್ಟುತ್ತದೆ. ಎರಡರಲ್ಲಿ ಒಂದು ಇಲ್ಲದ ಕಡೆ ಅದನ್ನು ನಿರೀಕ್ಷಿಸುವಂತಿಲ್ಲ.

## ಬೇಕಾಗುವ ಸಾಮಗ್ರಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಬೇಕೇ ಬೇಕು. ಅಕ್ಕಸಾಲಿಗರು ಬಳಸುವ ಮಡಿಸುವ ಲೂಪ್ ಸಾಕಾಗುತ್ತದೆ. ಇದರ ಜೊತೆಗೆ ಸಣ್ಣ ಚಿಮುಟ, ಹೊಲಿಗೆ ಸೂಜಿ, ಕ್ಯಾಲ್ಸೈಟಿನ ಚೂಪು ಮೂಲೆಯಿರುವ ಒಂದು ತುಂಡು, ಹತ್ತಿ ಸುತ್ತಿದ ಕಡ್ಡಿಗಳು, ಬಟ್ಟಿ ಇಳಿಸಿದ ನೀರು, ಗಾಜಿನ ಬಿಲ್ಲೆ, ಡ್ರಾಪರ್, ಸಾರಗುಂದಿಸಿದ ಹೈಡ್ರೋಕ್ಲೋರಿಕ್ ಆಮ್ಲ, ನೈಟ್ರೈಲ್ ಕೈಗವಸು ಮತ್ತು ಕಣ್ಣಿಗೆ ಸುರಕ್ಷತಾ ಕನ್ನಡಕ ಇರಲಿ. ಒಂದು ಗ್ರಾಮಿನ ನೂರನೇ ಒಂದು ಭಾಗವನ್ನು ತೋರಿಸುವ ತಕ್ಕಡಿ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೆ ಆರನೇ ಹಂತವನ್ನು ಬಿಟ್ಟು ಮುಂದುವರಿಯಬಹುದು.

ಆಮ್ಲದ ಬಗ್ಗೆ ಎರಡು ಮಾತು. ಶೌಚಾಲಯ ತೊಳೆಯುವ ದ್ರಾವಣದಲ್ಲಿಯೂ ಅದೇ ಆಮ್ಲ ಇದೆಯಲ್ಲ ಎಂದು ಅದನ್ನು ಬಳಸುವವರಿದ್ದಾರೆ. ಅಂಥ ದ್ರಾವಣಗಳು ಸಾಮಾನ್ಯವಾಗಿ ಮಂದವಾಗಿದ್ದು ನೀಲಿ ಬಣ್ಣ ಬೆರೆತಿರುತ್ತವೆ. ನೋಡಬೇಕಾದದ್ದು ನೀಲಿ ಹರಳಿನ ಬಣ್ಣ ಬದಲಾಗುವುದನ್ನೂ ಸಣ್ಣ ಗುಳ್ಳೆಗಳನ್ನೂ ಆದ್ದರಿಂದ ಆ ದ್ರಾವಣ ಯಾವ ಪ್ರಯೋಜನಕ್ಕೂ ಬಾರದು. ಪ್ರಯೋಗಾಲಯದ ಸಾಮಗ್ರಿ ಮಾರುವ ಅಂಗಡಿಯಿಂದ ಬಣ್ಣವಿಲ್ಲದ ಆಮ್ಲವನ್ನು ತಂದು, ಎರಡು ಪಾಲು ನೀರಿಗೆ ಒಂದು ಪಾಲು ಆಮ್ಲವನ್ನು ನಿಧಾನವಾಗಿ ಸುರಿದು ಸಾರಗುಂದಿಸಿಕೊಳ್ಳಿ. ನೀರಿಗೆ ಆಮ್ಲವನ್ನು ಹಾಕಬೇಕೇ ಹೊರತು ಆಮ್ಲಕ್ಕೆ ನೀರನ್ನು ಎಂದಿಗೂ ಹಾಕಬಾರದು, ಮತ್ತು ಈ ಕೆಲಸ ಬಾಗಿಲು ಕಿಟಕಿ ತೆರೆದ ಜಾಗದಲ್ಲಿಯೇ ಆಗಬೇಕು.

## ಸೀಸದ ಅಪಾಯ

ಅರ್ಧದಷ್ಟು ಸೀಸವೇ ಇರುವ ಖನಿಜವಿದು. ಬರಿಗೈಯಲ್ಲಿ ಒಮ್ಮೆ ಮುಟ್ಟಿದ ಮಾತ್ರಕ್ಕೆ ಅನಾಹುತವಾಗದು. ಅಪಾಯವಿರುವುದು ಅದರ ಪುಡಿಯಲ್ಲಿ. ಒಣ ಮಾದರಿಯನ್ನು ಉಜ್ಜುವುದು, ಅರೆಯುವುದು, ಊದಿ ಧೂಳು ತೆಗೆಯುವುದು, ಊಟದ ಮೇಜಿನ ಮೇಲೆ ಇಟ್ಟು ಪರೀಕ್ಷಿಸುವುದು, ಇವು ಯಾವುವೂ ಕೂಡದು. ಕೆಲಸ ಮುಗಿದ ಮೇಲೆ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಮತ್ತೆ ಮನೆಗೆಲಸಕ್ಕೆ ಬಳಸದೆ, ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಿ. ಮಕ್ಕಳ ಕೈಗೆ ಎಟುಕುವ ಕಡೆ ಇಡಬೇಡಿ. ನೀಲಿ ಕಲ್ಲನ್ನು ನೀರಿನಲ್ಲಿ ನೆನೆಹಾಕಿ ಆ ನೀರನ್ನು ಕುಡಿಯುವ ಪದ್ಧತಿ ಈಚೆಗೆ ಅಲ್ಲಲ್ಲಿ ಕಾಣುತ್ತಿದ್ದು, ಸೀಸದ ಖನಿಜದ ವಿಷಯದಲ್ಲಿ ಅದು ನೇರವಾಗಿ ವಿಷ ಸೇವನೆ.

## ಹಂತ 1: ಮಾದರಿ ಎಲ್ಲಿಂದ ಬಂದಿತು ಎಂದು ಕೇಳಿ

ಸಾಮಾನ್ಯವಾಗಿ ಎಲ್ಲರೂ ಕೊನೆಗೆ ಕೇಳುವ ಈ ಪ್ರಶ್ನೆಯನ್ನು ಮೊದಲು ಕೇಳಬೇಕು. ಸ್ಪೇನಿನ ಲಿನಾರೆಸ್, ಇಂಗ್ಲೆಂಡಿನ ಕಂಬ್ರಿಯಾದ ರೆಡ್ ಗಿಲ್ ಗಣಿ, ಸ್ಕಾಟ್ಲೆಂಡಿನ ಲೆಡ್‌ಹಿಲ್ಸ್, ಅಮೆರಿಕದ ಅರಿಜೋನಾದಲ್ಲಿರುವ ಟೈಗರ್‌ನ ಮ್ಯಾಮತ್ ಗಣಿ ಮತ್ತು ಗ್ರ್ಯಾಂಡ್ ರೀಫ್ ಗಣಿ, ನ್ಯೂ ಮೆಕ್ಸಿಕೋದ ಬ್ಲಾಂಚರ್ಡ್ ಗಣಿ, ನಮೀಬಿಯಾದ ಸುಮೆಬ್, ಇವು ಲಿನರೈಟಿಗೆ ಹೆಸರಾದ ಜಾಗಗಳು. ಭಾರತದ ಸಂಗ್ರಾಹಕರು ಅಂತರಜಾಲದ ಮೂಲಕ ಕೊಳ್ಳುವಾಗ ಈ ಪೈಕಿ ಬ್ಲಾಂಚರ್ಡಿನ ಹೆಸರನ್ನು ಮತ್ತೆ ಮತ್ತೆ ನೋಡುವ ಸಂಭವ ಹೆಚ್ಚು.

ಆದರೆ ಊರಿನ ಹೆಸರನ್ನು ಸುಳಿವು ಎಂದಷ್ಟೇ ಎಣಿಸಬೇಕು, ಪುರಾವೆ ಎಂದಲ್ಲ. ಸುಮೆಬ್‌ನಲ್ಲಿ ಲಿನರೈಟೂ ಸಿಗುತ್ತದೆ, ಜಗತ್ತಿನ ಅತ್ಯುತ್ತಮ ಅಜುರೈಟೂ ಸಿಗುತ್ತದೆ. ಚೀಟಿಯೇ ಇಲ್ಲದ ಮಾದರಿಯಾದರೆ ಅದನ್ನು ಅಜುರೈಟ್ ಎಂದು ಎಣಿಸಿಯೇ ಪರೀಕ್ಷೆ ಆರಂಭಿಸಿ, ಏಕೆಂದರೆ ಅಜುರೈಟ್ ಲಿನರೈಟಿಗಿಂತ ಬಹಳ ಸುಲಭವಾಗಿ ಸಿಗುವ ಖನಿಜ. ಚಿತ್ರದುರ್ಗದ ಬಳಿಯ ಇಂಗಳದಾಳದಂಥ ತಾಮ್ರದ ಗಣಿಗಳ ಸುತ್ತಿನಿಂದ ಬಂದದ್ದೆಂದು ಯಾರಾದರೂ ನೀಲಿ ಹಸಿರು ಲೇಪವಿರುವ ಕಲ್ಲನ್ನು ಕೊಟ್ಟರೆ ಮೊದಲು ನೆನೆಯಬೇಕಾದದ್ದು ಮ್ಯಾಲಕೈಟ್, ಅಜುರೈಟ್ ಮತ್ತು ಕ್ರೈಸೊಕೊಲಾ ಎಂಬ ತಾಮ್ರದ ಖನಿಜಗಳನ್ನು. ಅಂದ ಹಾಗೆ, ಇಂಥ ಕಲ್ಲನ್ನು ಹುಡುಕಿಕೊಂಡು ಹಳೆಯ ಗಣಿಯೊಳಗೆ ಇಳಿಯುವ ಸಾಹಸ ಯಾರಿಗೂ ಬೇಡ.

## ಹಂತ 2: ನೀಲಿಯನ್ನು ಬಿಟ್ಟು ಅದರ ಸುತ್ತ ನೋಡಿ

ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಮಾದರಿಯನ್ನು ಅದರತ್ತ ತಂದು, ಬೆಳಗಿನ ಬಿಸಿಲಿನ ಬೆಳಕಿನಲ್ಲಿ ಮಾತೃಶಿಲೆಯನ್ನು, ಎಂದರೆ ಹರಳು ಅಂಟಿಕೊಂಡಿರುವ ಕಲ್ಲನ್ನು, ಪರಿಶೀಲಿಸಿ. ಹುಡುಕಬೇಕಾದದ್ದು ಗ್ಯಾಲಿನಾವನ್ನು. ಒಡೆದ ಜಾಗದಲ್ಲಿ ಸಣ್ಣ ಸಣ್ಣ ಘನಾಕಾರದ ಮೆಟ್ಟಿಲುಗಳಂತೆ ಕಾಣುವ, ಸೀಸದ ಬೂದು ಬಣ್ಣದ ಲೋಹದ ಹೊಳಪಿರುವ ಭಾಗ ಕಂಡರೆ ಅದು ಗ್ಯಾಲಿನಾ. ಅದರ ಅಂಚಿನಲ್ಲಿ ಬಿಳಿಯ ಅಥವಾ ಬೂದು ಬಣ್ಣದ ಆಂಗ್ಲೆಸೈಟ್, ವಜ್ರದ ಹೊಳಪಿನ ಸೆರುಸೈಟ್ ಇದ್ದರೆ ಮಾದರಿಯಲ್ಲಿ ಸೀಸವಿರುವುದು ಖಚಿತ. ಹಸಿರು ಬ್ರೊಕಾಂಟೈಟ್ ಮತ್ತು ಹಸಿರು ಮಿಶ್ರಿತ ನೀಲಿಯ ಕ್ಯಾಲಿಡೊನೈಟ್ ಲಿನರೈಟಿನ ನಿತ್ಯದ ನೆರೆಯವರು. ಬ್ಲಾಂಚರ್ಡಿನ ಮಾದರಿಯಾದರೆ ಫ್ಲೋರೈಟಿನ ಘನಗಳು, ಬರೈಟ್ ಮತ್ತು ಸ್ಫಟಿಕಶಿಲೆಯೂ ಜೊತೆಗಿರಬಹುದು.

ಸುತ್ತ ಬರೀ ಹಸಿರು ಮ್ಯಾಲಕೈಟ್ ಮತ್ತು ಕಂದು ಬಣ್ಣದ ಕಬ್ಬಿಣದ ಆಕ್ಸೈಡ್ ಇದ್ದು ಸೀಸದ ಖನಿಜದ ಸುಳಿವೇ ಇಲ್ಲದಿದ್ದರೆ, ತಕ್ಕಡಿ ಅಜುರೈಟಿನ ಕಡೆಗೆ ವಾಲುತ್ತದೆ. ಕಪ್ಪು ಬಸಾಲ್ಟ್ ಕಲ್ಲಿನ ಪೊಳ್ಳಿನಲ್ಲಿ, ಬಿಳಿಯ ಸ್ಟಿಲ್ಬೈಟಿನ ಮೇಲೆ ನೀಲಿ ಹರಳುಗಳು ಗುಂಡಗೆ ಗೊಂಚಲಾಗಿ ಕೂತಿದ್ದರೆ ಅದು ತಾಮ್ರದ ಖನಿಜವೇ ಅಲ್ಲ, ಪುಣೆಯ ಬಳಿಯ ವಾಘೋಲಿ ಕಲ್ಲುಗಣಿಗಳಿಂದ ಬರುವ ಕ್ಯಾವನ್ಸೈಟ್. ಅದರ ನೀಲಿಗೆ ಕಾರಣ ವೆನೇಡಿಯಂ. ನಮ್ಮ ಕಡೆಯ ಸಂಗ್ರಹಗಳಲ್ಲಿ ಈ ಗೊಂದಲ ಬೇಗ ಪರಿಹಾರವಾಗುತ್ತದೆ, ಕಲ್ಲನ್ನು ತಿರುಗಿಸಿ ಹಿಂಭಾಗ ನೋಡಿದರೆ ಸಾಕು.

## ಹಂತ 3: ಒದ್ದೆ ಹತ್ತಿಯ ಪರೀಕ್ಷೆ

ಹತ್ತಿಯ ಕಡ್ಡಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ, ಹಿಂಡಿ, ನೀಲಿ ಭಾಗದ ಒಂದು ಮೂಲೆಗೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹತ್ತಿ ನೀಲಿಯಾದರೆ ಕೈಯಲ್ಲಿರುವುದು ಚಾಲ್ಕಾಂಥೈಟ್, ಎಂದರೆ ಅಡಿಕೆ ತೋಟದವರು ಬೋರ್ಡೋ ದ್ರಾವಣಕ್ಕೆ ಹಾಕುವ ಅದೇ ಮೈಲುತುತ್ತ. ಮೈಲುತುತ್ತದ ಗಟ್ಟಿ ದ್ರಾವಣದಲ್ಲಿ ಕಲ್ಲನ್ನು ಮುಳುಗಿಸಿಟ್ಟು ಹರಳು ಬೆಳೆಸಿ, ಅದನ್ನು ಗಣಿಯ ಹರಳೆಂದು ಮಾರುವುದು ಹಳೆಯ ಚಾಳಿ. ಲಿನರೈಟಾಗಲಿ ಅಜುರೈಟಾಗಲಿ ನೀರಿನಲ್ಲಿ ಹೀಗೆ ಬಣ್ಣ ಬಿಡುವುದಿಲ್ಲ. ಇನ್ನೊಂದು ಕಡ್ಡಿಯನ್ನು ಅಸಿಟೋನಿನಲ್ಲಿ ಅದ್ದಿ ಇದೇ ರೀತಿ ನೋಡಿದರೆ ಬಳಿದ ಬಣ್ಣವೂ ಸಿಕ್ಕಿಬೀಳಬಹುದು.

## ಹಂತ 4: ಹರಳಿನ ಆಕಾರ ಮತ್ತು ಸೀಳು

ಲಿನರೈಟ್ ಹರಳುಗಳು ಒಂದು ದಿಕ್ಕಿನಲ್ಲಿ ಉದ್ದಕ್ಕೆ ಬೆಳೆದ ತೆಳು ಪಟ್ಟಿಗಳಂತೆ ಇರುವುದೇ ಹೆಚ್ಚು. ಹಲವು ಪಟ್ಟಿಗಳು ಒಂದನ್ನೊಂದು ಒರಗಿಕೊಂಡೋ, ಯಾದೃಚ್ಛಿಕವಾಗಿ ಅಡ್ಡಾದಿಡ್ಡಿ ಹೆಣೆದುಕೊಂಡೋ ಕಾಣುತ್ತವೆ. ಇಲ್ಲಿ ನೋಡಲೇಬೇಕಾದ ಲಕ್ಷಣ ಸೀಳು, ಎಂದರೆ ಹರಳು ನಿರ್ದಿಷ್ಟ ಸಮತಲದಲ್ಲಿ ನಯವಾಗಿ ಒಡೆಯುವ ಗುಣ. ಮುರಿದ ಹರಳನ್ನು ಬೆಳಕಿಗೆ ನಿಧಾನವಾಗಿ ಓರೆ ಮಾಡಿದಾಗ ಒಂದೇ ದಿಕ್ಕಿನ ನಯವಾದ ಸಮತಲ ಥಟ್ಟನೆ ಮಿಂಚುತ್ತದೆ, ಪಕ್ಕದ ಮುರಿದ ಹರಳುಗಳಲ್ಲಿಯೂ ಉದ್ದಕ್ಕೆ ಅಂಥದೇ ಸಮತಲ ಇರುತ್ತದೆ. ಅಜುರೈಟ್ ಹರಳುಗಳು ಸಾಮಾನ್ಯವಾಗಿ ಇನ್ನಷ್ಟು ದಪ್ಪನಾಗಿ, ಅನೇಕ ಮುಖಗಳೊಡನೆ, ಗಡ್ಡೆಗಟ್ಟಿದಂತೆ ಬೆಳೆಯುತ್ತವೆ; ದಪ್ಪವಾದಂತೆಲ್ಲ ಕಪ್ಪಿಗೆ ತಿರುಗುತ್ತವೆ.

ಆಕಾರವೊಂದನ್ನೇ ನಂಬಿ ಲಿನರೈಟ್ ಎನ್ನುವಂತಿಲ್ಲ, ಆದರೆ ಆಕಾರ ನೋಡಿ ಹಲವನ್ನು ಕೈಬಿಡಬಹುದು. ಕೂದಲಿನಷ್ಟು ತೆಳ್ಳಗಿನ, ಮಖಮಲ್ಲಿನಂತೆ ಮೆತ್ತಗೆ ಕಾಣುವ ಆಕಾಶನೀಲಿ ಸೂಜಿಗಳಾದರೆ ಸಯನೋಟ್ರೈಕೈಟನ್ನು ಶಂಕಿಸಿ. ಚೊಕ್ಕ ನೀಲಿ ಘನಗಳಾದರೆ ಬೊಲಿಯೈಟ್. ಹರಳೇ ಇಲ್ಲದೆ ಮೇಣ ಬಳಿದಂತಿರುವ ಪದರವಾದರೆ ಕ್ರೈಸೊಕೊಲಾ ಇರಬೇಕು.

ಇಲ್ಲಿ ಹೇಳಲೇಬೇಕಾದ ಮಾತೊಂದಿದೆ. ಒರೆಹಚ್ಚುವ ಪರೀಕ್ಷೆಯನ್ನು ಈ ಜೋಡಿಯ ಮೇಲೆ ಮಾಡಿ ಹರಳನ್ನು ಹಾಳುಮಾಡಬೇಡಿ. ಬಿಳಿಯ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದರೆ ಲಿನರೈಟೂ ತಿಳಿನೀಲಿ ಗೀರು ಬಿಡುತ್ತದೆ, ಅಜುರೈಟೂ ತಿಳಿನೀಲಿ ಗೀರು ಬಿಡುತ್ತದೆ. ಮಾದರಿಯ ಒಂದು ಭಾಗ ಪುಡಿಯಾಗಿ ಹೋಗುವುದರ ಹೊರತು ಏನೂ ತಿಳಿಯುವುದಿಲ್ಲ.

## ಹಂತ 5: ಗಡಸುತನ

ಮೋಸ್ ಮಾಪಕದಲ್ಲಿ ಲಿನರೈಟಿನ ಗಡಸುತನ 2.5, ಕ್ಯಾಲ್ಸೈಟಿನದು 3, ಅಜುರೈಟಿನದು 3.5ರಿಂದ 4. ಆದ್ದರಿಂದ ಕ್ಯಾಲ್ಸೈಟಿನ ಚೂಪು ಮೂಲೆ ಲಿನರೈಟನ್ನು ಗೀರುತ್ತದೆ, ಅಜುರೈಟನ್ನು ಗೀರಲಾರದು. ಮಾದರಿಯಿಂದ ಈಗಾಗಲೇ ಉದುರಿದ ಚೂರು ಪೆಟ್ಟಿಗೆಯ ತಳದಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಅದನ್ನು ಚಿಮುಟದಲ್ಲಿ ಗಟ್ಟಿಯಾಗಿ ಹಿಡಿದು, ಕ್ಯಾಲ್ಸೈಟಿನ ಮೂಲೆಯನ್ನು ಒಮ್ಮೆ ಮಾತ್ರ ಎಳೆಯಿರಿ. ಆಮೇಲೆ ಒದ್ದೆ ಹತ್ತಿಯಿಂದ ಒರೆಸಿ ಲೂಪಿನಲ್ಲಿ ನೋಡಿ. ಒರೆಸದೆ ನೋಡುವುದೇ ಇಲ್ಲಿನ ಸಾಮಾನ್ಯ ತಪ್ಪು: ಅಜುರೈಟಿನ ಮೇಲೆ ಸವೆದ ಕ್ಯಾಲ್ಸೈಟಿನ ಬಿಳಿಯ ಪುಡಿಯನ್ನೇ ಗೀರು ಎಂದು ಭಾವಿಸುತ್ತಾರೆ. ನಿಜವಾದ ಗೀರು ಒರೆಸಿದ ಮೇಲೂ ತಗ್ಗಾಗಿ ಉಳಿಯುತ್ತದೆ.

ಸೂಜಿಯಿಂದ ಗೀರಿ ತೀರ್ಮಾನಿಸಬೇಡಿ, ಉಕ್ಕು ಎರಡನ್ನೂ ಗೀರುತ್ತದೆ. ಹರಳುಗಳು ಒಂದು ಮಿಲಿಮೀಟರಿಗಿಂತ ಚಿಕ್ಕವಾಗಿದ್ದರೆ ಈ ಹಂತವನ್ನೇ ಬಿಟ್ಟುಬಿಡಿ.

## ಹಂತ 6: ತೂಕ ನೋಡುವುದು, ಸಾಧ್ಯವಿದ್ದರೆ ಮಾತ್ರ

ಲಿನರೈಟಿನ ಸಾಪೇಕ್ಷ ಸಾಂದ್ರತೆ (ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು) ಸುಮಾರು 5.3ರಿಂದ 5.4, ಅಜುರೈಟಿನದು 3.8ಕ್ಕೆ ತುಸು ಕಡಿಮೆ. ಅಂತರ ದೊಡ್ಡದು. ಆದರೆ ಮಾತೃಶಿಲೆ ಅಂಟದ ಬಿಡಿ ಹರಳು ಒಂದು ಗ್ರಾಮಿನ ಹತ್ತಿರಕ್ಕಾದರೂ ಇದ್ದರೆ ಮಾತ್ರ ಈ ಅಳತೆಗೆ ಅರ್ಥವಿದೆ, ಮತ್ತು ಅಷ್ಟು ದೊಡ್ಡ ಬಿಡಿ ಲಿನರೈಟ್ ಸಿಗುವುದು ಅಪರೂಪ.

ಸಿಕ್ಕಿದ್ದರೆ ಹೀಗೆ ಮಾಡಿ. ಒಣ ಹರಳಿನ ತೂಕ ಬರೆದುಕೊಳ್ಳಿ. ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಹರಳನ್ನು ತೆಳು ದಾರದಲ್ಲಿ ಕಟ್ಟಿ, ನೀರಿನಲ್ಲಿ ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಗೋಡೆಗೂ ತಾಗದಂತೆ ತೂಗುಬಿಡಿ. ಆಗ ತೋರುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. ಉದಾಹರಣೆಗೆ, 1.07 ಗ್ರಾಮಿನ ಹರಳು 0.20 ಎಂದು ತೋರಿಸಿದರೆ ಸಾಂದ್ರತೆ 5.35, ಅಂದರೆ ಲಿನರೈಟಿಗೆ ಹೊಂದುತ್ತದೆ, 0.28 ಎಂದು ತೋರಿಸಿದರೆ ಅಜುರೈಟಿಗೆ ಹೊಂದುತ್ತದೆ. ಹರಳಿಗೆ ಗಾಳಿಯ ಗುಳ್ಳೆ ಅಂಟಿಕೊಂಡರೆ ಅಂಕಿ ಹೆಚ್ಚಾಗಿ ತೋರಿ ಸಾಂದ್ರತೆ ಕಡಿಮೆ ಬರುತ್ತದೆ, ಆದ್ದರಿಂದ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸುವುದು ಒಳ್ಳೆಯದು.

## ಹಂತ 7: ಆಮ್ಲದ ಹನಿ

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಇದೇ ನಿರ್ಣಾಯಕ, ಮತ್ತು ಅತಿ ಹೆಚ್ಚು ಕೆಡುವುದೂ ಇದೇ. ಕೆಡಲು ಕಾರಣ ಒಂದೇ: ಹನಿಯನ್ನು ನೇರವಾಗಿ ಮಾದರಿಯ ಮೇಲೆ ಬಿಡುತ್ತಾರೆ. ಹಾಗೆ ಮಾಡಿದರೆ ಹನಿ ಹರಡಿ ಸುತ್ತಲಿನ ಕ್ಯಾಲ್ಸೈಟನ್ನೋ ಸೆರುಸೈಟನ್ನೋ ತಾಗುತ್ತದೆ; ಇವೆರಡೂ ಕಾರ್ಬನೇಟುಗಳೇ. ಅಲ್ಲಿ ಎದ್ದ ಗುಳ್ಳೆಗಳನ್ನು ನೀಲಿ ಹರಳಿನವೆಂದು ತಿಳಿದು ಅಪ್ಪಟ ಲಿನರೈಟನ್ನು ಅಜುರೈಟ್ ಎಂದು ತಳ್ಳಿಹಾಕುತ್ತಾರೆ. ಜೊತೆಗೆ ಮಾದರಿಯ ಮೇಲೆ ಶಾಶ್ವತವಾದ ಬಿಳಿಯ ಕಲೆ ಉಳಿಯುತ್ತದೆ.

ಸರಿಯಾದ ಕ್ರಮ ಹೀಗಿದೆ. ಕಣ್ಣಿಗೆ ಬೀಳದ ಜಾಗದಿಂದ ಸೂಜಿಯ ಮೊನೆಯಲ್ಲಿ ಸಾಸಿವೆಗಿಂತ ಚಿಕ್ಕ ನೀಲಿ ಚೂರೊಂದನ್ನು ಬಿಡಿಸಿಕೊಳ್ಳಿ. ಲೂಪಿನಲ್ಲಿ ನೋಡಿ, ಬಿಳಿಯ ಅಥವಾ ಹಸಿರು ಭಾಗ ಅಂಟಿದ್ದರೆ ಬೇರೆ ಚೂರನ್ನು ಆರಿಸಿ. ಚೂರನ್ನು ಗಾಜಿನ ಬಿಲ್ಲೆಯ ಮೇಲಿಟ್ಟು, ಅದರ ಮೇಲೆ ಒಂದು ಸಣ್ಣ ಹನಿ ಆಮ್ಲ ಬಿಡಿ. ಗಾಜಿನ ಕೆಳಗೆ ಬಿಳಿಯ ಕಾಗದವಿದ್ದರೆ ಬಣ್ಣ ಸ್ಪಷ್ಟವಾಗಿ ತಿಳಿಯುತ್ತದೆ. ಕನ್ನಡಕ ಹಾಕಿಕೊಂಡೇ, ಮುಖವನ್ನು ಹನಿಯ ನೇರ ಮೇಲೆ ತರದೆ, ಓರೆಯಿಂದ ಲೂಪಿನಲ್ಲಿ ಗಮನಿಸಿ.

ಅಜುರೈಟಾದರೆ ಚೂರಿನ ಅಂಚಿನಿಂದ ಗುಳ್ಳೆಗಳು ಒಂದರ ಹಿಂದೆ ಒಂದು ಸಾಲಾಗಿ ಏಳುತ್ತವೆ. ಚೂರು ಕರಗುತ್ತ ಹೋದಂತೆ ಹನಿ ಹಸಿರು ಬಣ್ಣಕ್ಕೆ ತಿರುಗುತ್ತದೆ. ಲಿನರೈಟಾದರೆ ಗುಳ್ಳೆ ಏಳುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಹರಳಿನ ಹೊಳಪು ಮಂಕಾಗಿ, ಅಂಚುಗಳಿಂದ ಆರಂಭಿಸಿ ಬಿಳಿಯ ಪೊರೆಯೊಂದು ನೀಲಿಯನ್ನು ಮುಚ್ಚುತ್ತ ಬರುತ್ತದೆ. ಹರಳಿನಲ್ಲಿರುವ ಸೀಸದಿಂದ ಹುಟ್ಟುವ ಸಂಯುಕ್ತಗಳು ತಣ್ಣನೆಯ ದ್ರಾವಣದಲ್ಲಿ ಕರಗದೆ ಮೇಲ್ಮೈಯಲ್ಲಿಯೇ ನಿಲ್ಲುವುದರಿಂದ ಹೀಗಾಗುತ್ತದೆ. ಗುಳ್ಳೆ ಇಲ್ಲದಿರುವುದು ಮತ್ತು ಬಿಳಿಯ ಪೊರೆ ಮೂಡುವುದು, ಈ ಎರಡೂ ಒಟ್ಟಿಗೆ ಕಾಣಬೇಕು. ಒಂದೇ ಕಂಡರೆ ಉತ್ತರ ಸಿಕ್ಕಿಲ್ಲವೆಂದೇ ಲೆಕ್ಕ.

ಹನಿ ಬಿಟ್ಟಾಗ ಚೂರಿನ ಬಿರುಕುಗಳಲ್ಲಿದ್ದ ಗಾಳಿ ಒಂದೆರಡು ಗುಳ್ಳೆಗಳಾಗಿ ಹೊರಬರುವುದುಂಟು. ಅವು ಆರಂಭದಲ್ಲಿಯೇ ಎದ್ದು ನಿಂತುಹೋಗುತ್ತವೆ. ಕಾರ್ಬನೇಟಿನ ಗುಳ್ಳೆಗಳು ಚೂರು ಇರುವವರೆಗೂ ಏಳುತ್ತಲೇ ಇರುತ್ತವೆ. ಬಣ್ಣ ಹಸಿರಿಗೆ ವಾಲಿದ್ದು, ಗುಳ್ಳೆಗಳು ಕ್ಷೀಣವಾಗಿ ಎದ್ದರೆ ಕ್ಯಾಲಿಡೊನೈಟನ್ನು ಶಂಕಿಸಬೇಕು; ಅದರಲ್ಲಿ ಸೀಸವೂ ಸಲ್ಫೇಟೂ ಕಾರ್ಬನೇಟೂ ಸೇರಿವೆ. ಒಂದೇ ಮಾದರಿಯಲ್ಲಿ ಲಿನರೈಟೂ ಅಜುರೈಟೂ ಅಕ್ಕಪಕ್ಕದಲ್ಲಿರುವುದೂ ಸಾಧ್ಯವಾದ್ದರಿಂದ, ಬೇರೆ ಬೇರೆ ಜಾಗದ ಚೂರುಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸುವುದು ಕ್ಷೇಮ.

ಪರೀಕ್ಷೆ ಮುಗಿದ ಬಿಲ್ಲೆಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಹನಿಯ ಮೇಲೆ ಸ್ವಲ್ಪ ಅಡುಗೆ ಸೋಡಾ ಉದುರಿಸಿ, ನೊರೆ ನಿಂತ ಮೇಲೆ ಕಾಗದದಿಂದ ಒರೆಸಿ, ಕಾಗದವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಬೇರೆಯಾಗಿ ಇಡಿ.

## ದಾರಿ ತಪ್ಪಿಸುವ ಪರೀಕ್ಷೆಗಳು

ಸೀಸವನ್ನು ಪತ್ತೆಹಚ್ಚಲು ಪೊಟ್ಯಾಸಿಯಂ ಅಯೊಡೈಡ್ ಬಳಸಿ ಹಳದಿ ಬಣ್ಣ ಬರುವುದನ್ನು ನೋಡುವ ವಿಧಾನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವರಿಗೆಲ್ಲ ನೆನಪಿರುತ್ತದೆ. ತಾಮ್ರ ಜೊತೆಗಿರುವ ಖನಿಜದಲ್ಲಿ ಅದು ನಂಬಿಕೆಗೆ ಅರ್ಹವಲ್ಲ, ಏಕೆಂದರೆ ತಾಮ್ರವೂ ಅಯೊಡೈಡಿನೊಡನೆ ವರ್ತಿಸಿ ಅಯೊಡೀನನ್ನು ಬಿಡುಗಡೆ ಮಾಡುತ್ತದೆ, ಆ ಕಂದು ಬಣ್ಣದಲ್ಲಿ ಹಳದಿ ಮುಚ್ಚಿಹೋಗುತ್ತದೆ. ಬರೀ ಅಜುರೈಟಿನ ದ್ರಾವಣವೂ ಕಂದು ಹಳದಿಯಾಗಿ ಕಂಡು ಮೋಸಮಾಡುತ್ತದೆ. ಅಮೋನಿಯಾದಲ್ಲಿ ಗಾಢ ನೀಲಿ ಬಂದರೆ ತಾಮ್ರವಿದೆ ಎಂದು ತಿಳಿಯುತ್ತದೆ, ಆದರೆ ಅದು ನಮಗೆ ಮೊದಲೇ ಗೊತ್ತು. ಜ್ವಾಲೆಯಲ್ಲಿ ಕಾಯಿಸಿ ಬಣ್ಣ ನೋಡುವುದನ್ನಂತೂ ಮನೆಯಲ್ಲಿ ಮಾಡಲೇಬೇಡಿ, ಸೀಸದ ಹೊಗೆ ಉಸಿರಿನೊಂದಿಗೆ ಒಳಹೋಗುತ್ತದೆ.

## ಹಂತ 8: ಪ್ರಯೋಗಾಲಯದ ನೆರವು ಯಾವಾಗ ಬೇಕು

ಏಳು ಹಂತಗಳನ್ನು ದಾಟಿದ ಮೇಲೂ ಬಗೆಹರಿಯದ ಒಂದು ಗೊಂದಲ ಉಳಿಯುತ್ತದೆ. ಡಯಾಬೊಲಿಯೈಟ್ ಎಂಬ ಸೀಸ ಮತ್ತು ತಾಮ್ರದ ಕ್ಲೋರೈಡ್ ಖನಿಜ ಕೂಡ ಅಚ್ಚ ನೀಲಿ, ಅದರ ಗಡಸುತನವೂ 2.5, ಸಾಂದ್ರತೆಯೂ ಲಿನರೈಟಿನ ಹತ್ತಿರವೇ. ಕಾರ್ಬನೇಟ್ ಅಲ್ಲದ್ದರಿಂದ ಆಮ್ಲದ ಹನಿಯನ್ನು ನಂಬಿ ಇವೆರಡನ್ನು ಬೇರ್ಪಡಿಸಲಾಗದು. ಚೌಕಾಕಾರದ ತೆಳು ಬಿಲ್ಲೆಗಳಂಥ ಹರಳುಗಳಿದ್ದು ಚೀಟಿಯಲ್ಲಿ ಟೈಗರ್‌ನ ಮ್ಯಾಮತ್ ಗಣಿಯ ಹೆಸರಿದ್ದರೆ ಈ ಶಂಕೆ ಇರಲೇಬೇಕು.

ಆಗ ಲೇಸರ್ ಬೆಳಕು ಬಿಟ್ಟು, ಚದುರಿ ಬರುವ ಬೆಳಕಿನಿಂದ ಖನಿಜವನ್ನು ಗುರುತಿಸುವ ರಾಮನ್ ರೋಹಿತ ಪರೀಕ್ಷೆ ಅತ್ಯಂತ ಅನುಕೂಲ, ಏಕೆಂದರೆ ಅದಕ್ಕೆ ಹರಳನ್ನು ಪುಡಿಮಾಡುವ ಅಗತ್ಯವಿಲ್ಲ. ಲಿನರೈಟಿನ ರೋಹಿತದಲ್ಲಿ ಸಲ್ಫೇಟಿನ ಪ್ರಬಲ ಗೆರೆ ಪ್ರತಿ ಸೆಂಟಿಮೀಟರಿಗೆ 970 ತರಂಗಗಳ ಆಸುಪಾಸಿನಲ್ಲಿ ಬರುತ್ತದೆ. ಸಲ್ಫೇಟೇ ಇಲ್ಲದ ಅಜುರೈಟಿನಲ್ಲಾಗಲಿ ಡಯಾಬೊಲಿಯೈಟಿನಲ್ಲಾಗಲಿ ಆ ಗೆರೆ ಇರುವುದಿಲ್ಲ. ಲೇಸರಿನ ಶಕ್ತಿಯನ್ನು ಕಡಿಮೆ ಇಟ್ಟು ಆರಂಭಿಸುವಂತೆ ಉಪಕರಣ ನಡೆಸುವವರಿಗೆ ಮೊದಲೇ ಹೇಳಿ, ಗಾಢ ಬಣ್ಣದ ಖನಿಜಗಳು ಲೇಸರಿನ ಬಿಸಿಗೆ ಸುಟ್ಟು ಕಪ್ಪಾಗುವುದುಂಟು. ಚೂರನ್ನು ಕಳೆದುಕೊಳ್ಳಲು ಒಪ್ಪುವುದಾದರೆ ಪುಡಿಯ ಎಕ್ಸ್‌ರೇ ವಿವರ್ತನೆಯೂ ಖಚಿತ ಉತ್ತರ ಕೊಡುತ್ತದೆ. ವಿಶ್ವವಿದ್ಯಾಲಯಗಳ ಭೂವಿಜ್ಞಾನ ಅಥವಾ ಭೌತಶಾಸ್ತ್ರ ವಿಭಾಗಗಳಲ್ಲಿ ಈ ಉಪಕರಣಗಳಿರುವ ಕಡೆ ವಿಚಾರಿಸಬಹುದು. ಹೋಗುವಾಗ ಮಾದರಿಯನ್ನು ಮಾತ್ರ ಒಯ್ಯದೆ, ಹಿಂದಿನ ಹಂತಗಳಲ್ಲಿ ಕಂಡದ್ದನ್ನು ಬರೆದ ಹಾಳೆಯನ್ನೂ ಒಯ್ದರೆ ಅಲ್ಲಿನವರ ಅರ್ಧ ಕೆಲಸ ಹಗುರವಾಗುತ್ತದೆ.

## ಹಂತ 9: ಶುಚಿ ಮಾಡುವುದು ಮತ್ತು ಚೀಟಿ ಬರೆಯುವುದು

ತುಕ್ಕಿನ ಕಲೆ ತೆಗೆಯಲು ಸ್ಫಟಿಕಶಿಲೆಗೆ ಬಳಸುವ ಆಕ್ಸಾಲಿಕ್ ಆಮ್ಲವನ್ನು ಲಿನರೈಟಿನ ಹತ್ತಿರ ತರಬೇಡಿ. ವಿನೆಗರ್, ನಿಂಬೆರಸ, ಹುಣಸೆಹಣ್ಣು, ಇವೂ ಬೇಡ. ಶ್ರವಣಾತೀತ ಕಂಪನದ ಯಂತ್ರದಲ್ಲಿ ಹಾಕಿದರೆ ಸುಲಭವಾಗಿ ಸೀಳುವ ಈ ಹರಳುಗಳು ಕಿತ್ತು ತಳಕ್ಕೆ ಬೀಳುವ ಅಪಾಯವಿದೆ. ಬಟ್ಟಿ ಇಳಿಸಿದ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆದು, ನೆರಳಿನಲ್ಲಿ ಆರಿಸುವುದಷ್ಟೇ ಸಾಕು.

ಚೀಟಿಯಲ್ಲಿ ಖನಿಜದ ಹೆಸರಿನ ಪಕ್ಕದಲ್ಲಿ ಅದನ್ನು ಯಾವ ಆಧಾರದ ಮೇಲೆ ಗುರುತಿಸಲಾಯಿತು ಎಂಬುದನ್ನೂ ಬರೆಯಿರಿ. "ಲಿನರೈಟ್, ಗ್ಯಾಲಿನಾ ಜೊತೆಗಿದೆ, ಆಮ್ಲದಲ್ಲಿ ಗುಳ್ಳೆ ಇಲ್ಲ, ಬಿಳಿಯ ಪೊರೆ ಬಂದಿದೆ, ರಾಮನ್ ಪರೀಕ್ಷೆ ಆಗಿಲ್ಲ" ಎಂಬಷ್ಟು ವಿವರವಿದ್ದರೆ ಮುಂದೆ ಅದನ್ನು ಪಡೆಯುವವರು ಎಲ್ಲಿಂದ ಆರಂಭಿಸಬೇಕೆಂದು ತಿಳಿಯುತ್ತದೆ. ಹಳೆಯ ಚೀಟಿ ತಪ್ಪೆಂದು ಸಾಬೀತಾದರೂ ಅದನ್ನು ಎಸೆಯದೆ ಹೊಸದರ ಹಿಂದೆ ಇಡಿ, ಗಣಿಯ ಹೆಸರು ಮತ್ತು ಕೊಂಡ ವರ್ಷ ಎಷ್ಟೋ ಸಲ ಅದರಲ್ಲಿ ಮಾತ್ರ ಇರುತ್ತವೆ. ಡಬ್ಬಿಯ ಮೇಲೆ ಸೀಸವಿದೆ ಎಂಬ ಎಚ್ಚರಿಕೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ.